ಲಿಮಿ ಗೆರೆ ದಾಟಿದ್ದು

ಹೆಂಡದಂಗಡಿಯಿಂದ ಹೊರಟರೆ ಬಾವಿ, ಬಾವಿ ದಾಟಿದರೆ ಲುಹೆಂಡೆಯ ಮನೆ. ನೂರು ಹೆಜ್ಜೆ ಅಷ್ಟೆ. ಆ ರಾತ್ರಿ ಆ ನೂರು ಹೆಜ್ಜೆ ಇಡಲಾರದೆ ಅವನು ನಿಂತುಬಿಟ್ಟ. ಸುಳ್ಳಲ್ಲ, ಅವನೇ ನನಗೆ ಹೇಳಿದ್ದು. ಗೇಟಾ ಕಡೆಯ ಚಿನ್ನದ ಗುಂಡಿಗಳಲ್ಲಿ ಮೂರು ವರ್ಷ ಮಣ್ಣು ಹೊತ್ತವನು ನಾನು. ಲುಹೆಂಡೆ ನನ್ನ ಪಕ್ಕದ ಗುಡಿಸಲಿನವನು, ಗುಂಡಿಯ ಯಜಮಾನ.

ಗುಂಡಿಯ ಸುತ್ತ ಬೂದಿಯಲ್ಲಿ ಒಂದು ಗೆರೆ. ಹೆಂಗಸು ದಾಟಿದರೆ ಚಿನ್ನ ಓಡಿಹೋಗುತ್ತದಂತೆ! ಗೆರೆಯಾಚೆ ಕೂತು ಕಲ್ಲು ಕುಟ್ಟಲು, ಆ ಪುಡಿಗೆ ಚಿನ್ನ ಹಿಡಿಯುವ ಪಾದರಸ ಹಾಕಿ ಬರಿಗೈಯಲ್ಲಿ ಕಲಸಲು ಮಾತ್ರ ಹೆಂಗಸೇ ಬೇಕು. ಲುಹೆಂಡೆಯ ಗುಂಡಿಗೆ ಲಿಮಿ ಹನ್ನೊಂದು ವರ್ಷ ಕಲಸಿದಳು. ಪಾದರಸದ ವಿಷಕ್ಕೆ ಕೈ ನಡುಗಿತು, ನಾಲಿಗೆ ತೊದಲಿತು, ಸತ್ತಳು.

ಅವತ್ತು ಸಂಜೆ ಅವಳ ತಂಗಿ ಮಿಂಜಾ ಲುಹೆಂಡೆಯನ್ನು ಅಡ್ಡಗಟ್ಟಿದ್ದಳು.

"ನಾಳೆ ಬಾವಿ ಪಕ್ಕದಲ್ಲೇ ಕಲ್ಲುಪುಡಿ ತೊಳೆಯೋ ಹೊಂಡ ತೋಡಿಸ್ತೀಯಂತೆ?"

"ಹಳೇದು ತುಂಬಿದೆ ಕಣೇ."

"ಪಾದರಸದ ನೀರು ಬಾವಿಗಿಳಿಯತ್ತೆ. ನಿನ್ನ ಮಕ್ಕಳೂ ಅದನ್ನೇ ಕುಡಿಯೋದು. ನಾಳೆ ಹೊಂಡದ ಮಾತಿಗೆ ಗಂಡಸ್ರು ಸೇರೋ ಸಭೆಗೆ ನಾನೂ ಬರ್ತೀನಿ."

"ಸಭೆ ಇರೋದು ಗೆರೆಯೊಳಗೆ. ಹ್ಯಾಗೆ ಬರ್ತೀಯ, ಹಾರ್ಕೊಂಡಾ?"

"ನಮ್ಮಕ್ಕನ್ನ ತಿಂದಿದ್ದು ಸಾಲ್ದೇನೋ ನಿಂಗೆ?" ಅಂದು ಅವನ ಕಾಲ ಬುಡಕ್ಕೆ ಉಗಿದು ಹೋದಳು.

ಈಗ ಬಾವಿಯ ಹತ್ತಿರ... ಗಾಳಿಯಿಲ್ಲ. ಕಪ್ಪೆಯ ಸದ್ದೂ ಇಲ್ಲ.

ಠಣ್... ಠಣ್... ಸರ್ರ್.

ಕಬ್ಬಿಣದ ಹಾರೆಯಲ್ಲಿ ಕಲ್ಲು ಕುಟ್ಟುವ ಸದ್ದು. ಎರಡು ಪೆಟ್ಟು, ಆಮೇಲೆ ಪುಡಿಯನ್ನು ಅಂಗೈಯಲ್ಲಿ ಸವರುವುದು. ಹಾಗೆ ಕುಟ್ಟುತ್ತಿದ್ದವಳು ಲಿಮಿ ಒಬ್ಬಳೇ. ಸದ್ದು ಬರುತ್ತಿದ್ದದ್ದು ಬಾವಿಯೊಳಗಿಂದ.

"ಅಣ್ಣಾ..." ತೊದಲು ಪಿಸುಮಾತು. "ಗೆ... ಗೆರೆ ದಾಟ್ಲಾ?"

ಅವನು ಎರಡೂ ಕಿವಿ ಮುಚ್ಚಿಕೊಂಡ.

"ದಾ... ಟ್ಲಾ?"

"ದಾಟು ತಾಯಿ... ದಾಟು..."

ಕುಟ್ಟುವುದು ನಿಂತಿತು. ಒದ್ದೆ ಕಾಲು ಮಣ್ಣಿಗೆ ಅಂಟಿ ಬಿಡುವ ಪಚಕ್... ಪಚಕ್... ಅವನ ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಯಾರೂ ಕಾಣಲಿಲ್ಲ.

ಬೆಳಗ್ಗೆ ಬಾವಿಯಿಂದ ಗೆರೆಯವರೆಗೆ, ಗೆರೆ ತುಳಿದು ಗುಂಡಿಯ ಏಣಿಯವರೆಗೆ ಒದ್ದೆ ಹೆಜ್ಜೆಗಳು. ಎಡಗಾಲಿಗೆ ನಾಲ್ಕೇ ಬೆರಳು. ಲಿಮಿಯ ಎಡಗಾಲಿನ ಕಿರುಬೆರಳು ಹಾರೆ ಬಿದ್ದು ತುಂಡಾಗಿತ್ತು, ಎಲ್ಲರಿಗೂ ಗೊತ್ತು. ವಾಪಸು ಬಂದ ಹೆಜ್ಜೆ ಒಂದೂ ಇಲ್ಲ.

"ಹೆಂಗಸು ಒಳಗಿಳಿದಿದ್ದಾಳೆ!" ಗಂಡಸರೆಲ್ಲ ಗುದ್ದಲಿ ಬಿಸಾಕಿದರು. ಹೊಂಡ ತೋಡುವವರೇ ಇಲ್ಲ. ಮಿಂಜಾ ಸೀದಾ ಗೆರೆ ದಾಟಿ ಬಂದು ಸಭೆಯಲ್ಲಿ ಲುಹೆಂಡೆ ಕೂರುವ ಸ್ಟೂಲಿನ ಮೇಲೆ ಕೂತಳು.

"ಓಡಿಸ್ರೋ ಈಗ. ಬದುಕಿದ್ದಾಗ ಅವಳನ್ನ ನಾಯಿ ಥರ ಆಚೆ ಕೂರಿಸಿದ್ರಲ್ಲ, ಈಗ ಓಡಿಸ್ರೋ!"



ನಂಬದಿದ್ದರೆ ಬಿಡಿ, ನಾನೇ ಬಗ್ಗಿ ನೋಡಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಹೆಜ್ಜೆಗಳ ನೀರು ಆರಿತು. ಒಂದೊಂದು ಹಿಮ್ಮಡಿಯ ಗುಳಿಯಲ್ಲೂ ಸಾಸಿವೆ ಕಾಳಿನಷ್ಟು ಪಾದರಸ ಉಳಿದಿತ್ತು. ಗಾಳಿ ಇರಲಿಲ್ಲ... ಆದರೂ ಅದು ನಡುಗುತ್ತಿತ್ತು.