ಅಪ್ಪನ ಬಲಗೈ

ಮೂಳೆ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಯಾರೋ ಅಣ್ಣ ತಂಗಿ ಕೂತಿದ್ದರು. ಅಣ್ಣನ ಕೈಗೆ ಸುತ್ತಿದ್ದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಂಗಿಯ ತಲೆತುಂಬ ಅಮೃತಶಿಲೆಯ ಪುಡಿ.

“ಸುತ್ತಿಗೆ ಬೀಸೋವಾಗ ಯಾರಾದ್ರೂ ಕೈ ಅಡ್ಡ ಇಡ್ತಾರಾ ಅಣ್ಣ?”

“ನಾನು ಕೆತ್ತಿದ ಅಪ್ಪನ್ನ ಪುಡಿ ಮಾಡ್ತಿದ್ದೆ ಕಣೇ ನೀನು!”

“ಅಪ್ಪನ್ನಲ್ಲ, ಆ ಕೈನ. ಮಗು ತಲೆ ಸವರೋ ಹಾಗೆ ಕೆತ್ತಿದೀಯಲ್ಲ, ಅದನ್ನ.”

“ಶಾಲೆಯವರು ಹಾಗೇ ಕೇಳಿದ್ರು. ಶಾಲೆ ಕಟ್ಟಿಸಿದ ಪುಣ್ಯಾತ್ಮ ಅಂತ.”

“ಪುಣ್ಯಾತ್ಮ! ಅದೇ ಕೈ ಅಮ್ಮನ ದವಡೆ ಮುರಿದಿದ್ದು. ಆವತ್ತು ಮಂಚದ ಕೆಳಗೆ ಅಡಗಿದ್ದಾಗ ನಾನು ಕಿರುಚದ ಹಾಗೆ ಬಾಯಿ ಮುಚ್ಚಿ ಹಿಡಿದಿದ್ದು ನೀನೇ ತಾನೇ?”

“ಹೂಂ.”

“ಮತ್ತೆ?”

“ಮುಷ್ಟಿ ಕೆತ್ತೋಕೆ ಧೈರ್ಯ ಬರ್ಲಿಲ್ಲ.”

ತಂಗಿ ಸಡಿಲವಾಗಿದ್ದ ಟವೆಲ್ಲನ್ನು ಮತ್ತೆ ಬಿಗಿದು ಕಟ್ಟಿದಳು.

“ಬೆರಳೆಲ್ಲ ಹೋಯ್ತಾ?”

“ನಂದಾ, ಅಪ್ಪಂದಾ?”

“ಅಪ್ಪಂದು.”

“ತುದಿ ಮಾತ್ರ. ಕೆತ್ತೋವಾಗ ಮುರೀಬಾರ್ದು ಅಂತ ಬೆರಳ ಸಂದಿಯ ಕಲ್ಲು ಕೊನೇವರೆಗೂ ತೆಗೆಯಲ್ಲ. ಮಿಕ್ಕಿದ್ದು ಗಟ್ಟಿಯಾಗೇ ಇದೆ.”

“ಎಷ್ಟು?”

“ಮುಷ್ಟಿಗೆ ಸಾಕು.”

ನರ್ಸ್ ಕರೆದಳು. ಅಣ್ಣ ಎದ್ದ.

“ನನ್ನ ಕೈ ಇನ್ನು ಆಗಲ್ಲ. ಎಲ್ಲಿ, ಎಷ್ಟು ಅಂತ ನಾನು ಹೇಳ್ತೀನಿ, ಉಳಿ ನೀನು ಹಿಡಿ. ಸುತ್ತಿಗೆ ಹೇಗೂ ಬರುತ್ತೆ ನಿಂಗೆ.”

ಅವಳು ಅವನ ಇನ್ನೊಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.