ಅಕ್ಕನ ಊರಿಗೆ ಇಪ್ಪತ್ತೇ ನಿಮಿಷ

ಸಾನ್ ಆಂಡ್ರೆಸ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಚೀಲಸಮೇತ ತೂಗುತ್ತಿದ್ದರು. ಸಾಲಿನಲ್ಲಿದ್ದ ಲೋಲಿಯಾಳ ಕಿವಿಯೆಲ್ಲ ಮುಂದೆ ನಿಂತಿದ್ದ ಮುದಿ ದಂಪತಿಯ ಮೇಲೆಯೇ ಇತ್ತು.

“ಪ್ರೊವಿಡೆನ್ಸಿಯಾ ದ್ವೀಪಕ್ಕೆ ಎಷ್ಟೊತ್ತು ಬೇಕ್ರೀ?”

“ಇಪ್ಪತ್ತೇ ನಿಮಿಷ. ಹತ್ತಿದ್ವಿ ಅನ್ನೋಷ್ಟರಲ್ಲಿ ಇಳಿದಿರ್ತೀವಿ.”

“ಅಷ್ಟೇನಾ? ಹಾಗಾದ್ರೆ ದೋಣೀಲೇ ಹೋಗೋಣ.”

“ಹೋದ್ಸಲ ದಾರಿಯುದ್ದಕ್ಕೂ ಕಕ್ಕಿದ್ದು ಮರೆತೋಯ್ತಾ? ಈಗ್ಯಾಕೇ ಮತ್ತೆ ದೋಣಿ?”

“ಅಕ್ಕಂಗೆ ಏನ್ ಹೇಳೋದು ಅಂತ ಯೋಚಿಸ್ಬೇಕಲ್ಲ.”

“ಒಂಬತ್ತು ವರ್ಷ ಮಾತು ಬಿಟ್ಟಿದ್ಯಲ್ಲೇ, ಆಗ ಹೊತ್ತು ಸಾಲ್ಲಿಲ್ವಾ?”

“ಆಗೆಲ್ಲ ಬೈಯೋದನ್ನೇ ಯೋಚಿಸ್ತಿದ್ದೆ.”

“ತೆಂಗಿನಕಾಯಿ ಕಡುಬು ಕೈಗಿಡು, ಸಾಕು. ಅವಳು ನಿಂಗೆ ಬಾಯಿ ತೆಗ್ಯೋಕೆ ಯಾವತ್ತು ಬಿಟ್ಟಿದ್ದಾಳೆ?”

ಮುದುಕಿ ನಕ್ಕಳು. ಅಷ್ಟರಲ್ಲಿ ತೂಕ ಮುಗಿದು ಇಬ್ಬರೂ ಪುಟ್ಟ ವಿಮಾನದತ್ತ ಹೊರಟರು. ಲೋಲಿಯಾಳಿಗೆ ಕೊನೆಗೆ ಕೇಳಿಸಿದ್ದು ಇಷ್ಟು:

“ರೀ, ಪೈಲಟ್‌ಗೆ ಹೇಳಿ ಮೇಲೇನೇ ಇನ್ನೊಂದು ಸುತ್ತು ಹೊಡೆಸ್ರೀ.”