ರೈಫಲ್ ಮರ ಕೊಯ್ಯುವ ಮಾತು

ಡಬ್ಬೊ ಊರಿನ ಕಣ್ಣಾಸ್ಪತ್ರೆಯಲ್ಲಿ ಪಾಪೆ ಹಿಗ್ಗಲೆಂದು ನನಗೆ ಹನಿ ಹಾಕಿ ಕೂರಿಸಿದ್ದರು. ಅಕ್ಷರ ಕಾಣದ ಆ ಅರ್ಧ ಗಂಟೆಯಲ್ಲಿ ಪಕ್ಕದವರ ಮಾತು ಕೇಳುವುದಷ್ಟೇ ಉಳಿದಿತ್ತು. ಕುರಿ ಸಾಕುವ ವಯಸ್ಸಾದ ಗಂಡ ಹೆಂಡತಿ, ಲೆಸ್ಟರ್ ಮತ್ತು ನೋಲಿನ್. ಗಂಡ ಲೆಸ್ಟರನೇ ಮಾತು ತೆಗೆದ.

“ಇವತ್ತು ಮನೆಗೆ ಹೋದ್ಮೇಲೆ ರೈಫಲ್ಲಿನ ಹಿಂಬದಿ ಮರ ನಾನೇ ಕೊಯ್ದುಬಿಡ್ತೀನಿ. ಎರಡು ಬೆರಳಷ್ಟು ತೆಗೆದ್ರೆ ನಿನ್ನ ಭುಜಕ್ಕೆ ಸರಿಯಾಗಿ ಕೂರುತ್ತೆ.”

“ಟೀ ಲೋಟ ಎಲ್ಲಿದೆ ಅಂತ ಕಾಣಲ್ಲ, ಗರಗಸ ಹಿಡೀತಾನಂತೆ! ಬಂದೂಕು ರಿಪೇರಿಯವನಿಗೆ ಕೊಡೋಣ ಅಂದೆನಲ್ಲ ನಾನು.”

“ಅವನ ಹತ್ರ ನಾಲ್ಕು ತಿಂಗಳ ಕೆಲಸ ಬಾಕಿ ಬಿದ್ದಿದೆ, ಮಾರಾಯ್ತಿ. ಮುಂದಿನ ವಾರ ಕುರಿ ಈಯೋಕೆ ಶುರು. ನರಿ ಅಲ್ಲೀತನಕ ಕಾಯುತ್ತಾ?”

“ಉದ್ದ ಇದ್ರೆ ಇರ್ಲಿ. ಹಾಗೇ ಹೊಡೀತೀನಿ.”

“ಹೋದ ವರ್ಷ ಹಾಗೇ ಹೊಡೆದು ಭುಜ ನೀಲಿ ಮಾಡ್ಕೊಂಡೆ. ನರಿ ನಗ್ತಾ ಮರಿ ಕಚ್ಕೊಂಡು ಹೋಯ್ತು.”

ನೋಲಿನ್ ದನಿ ತಗ್ಗಿಸಿದಳು.

“ಕೊಯ್ದ ಮೇಲೆ ಅದು ನಿನಗೆ ಗಿಡ್ಡ ಆಗುತ್ತೆ, ಲೆಸ್.”

“ಆಗ್ಲಿ.”

“ನಾಲ್ಕು ತಿಂಗಳಲ್ಲಿ ನಿನ್ನ ಕಣ್ಣು ಸುಧಾರಿಸಿದ್ರೆ?”

“ಓಹೋ, ಅದಕ್ಕೇನಾ ರಿಪೇರಿಯವನು, ರಿಪೇರಿಯವನು ಅಂತಿದ್ದೆ?”

ಅವಳ ಕೈಚೀಲದ ಜಿಪ್ ಸರ್ರೆಂದಿತು.

“ಕಾದೂ ಕಾದೂ ಸಾಕಾಗಿದೆ ಕಣೇ. ಗೆರೆ ನೀನು ಎಳಿ, ಗರಗಸ ನಾನು ಹಿಡೀತೀನಿ.”

ಒಳಗಿನಿಂದ ನರ್ಸ್ ಅವನ ಹೆಸರು ಕೂಗಿದಳು. ನೋಲಿನ್ ಅವನ ತೋಳು ಹಿಡಿದು ಎಬ್ಬಿಸಿದಳು.

“ಒಂದೇ ಬೆರಳಿಗೆ ಗೆರೆ ಎಳೀತೀನಿ.”

“ಅದು ನಿನಗೂ ಸರಿಹೋಗಲ್ಲ, ನನಗೂ ಸರಿಹೋಗಲ್ಲ.”

“ಸರಿಹೋಗದಿದ್ರೆ ಬೇಡ, ಒಂದೇ ಬೆರಳು. ನಡಿ, ಕರೀತಿದಾರೆ.”